ಕಾರು ನಿಲ್ಲಿಸಿ ಬರುತ್ತಾರೆ

ನೆಲ ಒರೆಸಿ ಆದ ಮೇಲೂ ಅವನು ಆ ಜಾಗ ಬಿಟ್ಟು ಕದಲಲಿಲ್ಲ. ಅಂಗೈಯಗಲದ ಒದ್ದೆ, ಅಷ್ಟೆ. ಕಾರಿನ ಮೂತಿಯ ಕೆಳಗೆ, ಎಡಚಕ್ರಕ್ಕೆ ತುಸು ಒಳಗೆ, ತಿಳಿ ಕಿತ್ತಳೆ ಬಣ್ಣದ, ಮೂಗಿಗೆ ಹಿಡಿದರೆ ಸಿಹಿಸಿಹಿ ಎನ್ನಿಸುವ ವಾಸನೆಯ ದ್ರವ. ಏಸಿಯಿಂದ ತೊಟ್ಟಿಕ್ಕಿದ ನೀರು ಎಂದು ತನಗೆ ತಾನೇ ಹೇಳಿಕೊಳ್ಳಲು ನೋಡಿದ. ಬೆರಳಿಗೆ ಅಂಟಿದ ಜಿಗುಟು ಬಿಡಲಿಲ್ಲ. ಎಂಜಿನ್ನನ್ನು ತಣ್ಣಗಿಡುವ ಕೂಲಂಟು ಅದು. ಹೊರಗೆ ಬರಬಾರದು, ಬಂದಿತ್ತು. ಹಳೇ ಬನಿಯನ್ನಿನ ತುಂಡಿನಿಂದ ಒರೆಸಿ, ತುಂಡನ್ನು ಹೂಕುಂಡದ ಹಿಂದೆ ತುರುಕಿ, ಒಳಗೆ ಕೂತು ಕೀಲಿ ತಿರುಗಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಅಡಿಗೆಮನೆಯಿಂದ ಬಾಟಲಿ ನೀರು ತಂದು ಹೊಯ್ದ. ದೀಪ ಆರಿತು. ಅದು ಆರಿದ್ದೇ ತಡ, ರೋಗ ಏನೆಂದು ಕೇಳಿಕೊಳ್ಳದೆ ಮಾತ್ರೆ ನುಂಗಿದವನ ಸಮಾಧಾನ ಅವನಿಗೂ ಬಂತು. ಅಷ್ಟರಲ್ಲಿ ಗೇಟಿನ ಹತ್ತಿರ ಭಾವಮೈದನ ಗಾಡಿ ಬಂದು ನಿಂತಿತು. ಅವನು ಬಾನೆಟ್ಟು ಮುಚ್ಚಿ, ಒರೆಸಿದ ಜಾಗಕ್ಕೆ ಅಡ್ಡವಾಗಿ ಎರಡೂ ಕಾಲೂರಿ ನಿಂತುಕೊಂಡ. ನೆಲ ಅಲ್ಲಿ ಇನ್ನೂ ಕೊಂಚ ಕಪ್ಪಗಿತ್ತು.

ಭಾವಮೈದ, ಅಂದರೆ ಹೆಂಡತಿಯ ತಮ್ಮ, ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಡ್ರೈಕ್ಲೀನಿಂಗ್ ಅಂಗಡಿ ಇಟ್ಟವನು. ಅವನದು ಸಣ್ಣ ಜಪಾನಿ ಕಾರು. ಹಿಂದಿನ ಕಿಟಕಿಯ ಕೊಕ್ಕೆಗೆ ಯಾವಾಗಲೂ ಯಾರದೋ ಕೋಟು ನೇತಾಡುತ್ತಿರುತ್ತದೆ. ಮಗಳು ಹುಟ್ಟಿದ ವರ್ಷ ಕೊಂಡದ್ದು. ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ, ಗಾಡಿ ಒಂದು ದಿನವೂ ದಾರಿಯಲ್ಲಿ ನಿಂತದ್ದಿಲ್ಲ. ಇವನು ಅದನ್ನು 'ಡಬ್ಬಿ' ಎನ್ನುತ್ತಿದ್ದ. ಎಷ್ಟೋ ಸಲ ಕೇಳಿ ಕೇಳಿ ಭಾವಮೈದನೂ ನಗುತ್ತ ಹಾಗೇ ಕರೆಯತೊಡಗಿದ್ದ. ಅದರಿಂದ ಆ ಮಾತಿನ ಮೊನೆಯೇ ಮುರಿದುಹೋಗಿತ್ತು. "ಭಾವ, ಹೇಗೂ ನಾನು ಆ ಕಡೆ ಹೋಗೋದಿದೆ. ಅಕ್ಕನ್ನ ಬಿಟ್ಟುಬಿಡ್ತೀನಿ, ನೀವೂ ಬನ್ನಿ. ಇವತ್ತೊಂದು ದಿನ ಡಬ್ಬೀಲಿ ಕೂತ್ರೆ ಏನಾಗುತ್ತೆ?" ಎಂದ. ಆ ಕಡೆ ಅವನಿಗೆ ಯಾವ ಕೆಲಸವೂ ಇರಲಿಲ್ಲವೆಂದು ಮೂವರಿಗೂ ಗೊತ್ತಿತ್ತು. ಇವತ್ತು ಹೆಂಡತಿಯ ಪಿಎಚ್.ಡಿ. ಮೌಖಿಕ ಪರೀಕ್ಷೆ. ಕಿವುಡ ಮಕ್ಕಳ ಶಾಲೆಯಲ್ಲಿ ಪಾಠ ಮಾಡುತ್ತ, ಸಂಜೆ ಬಂದು ಊಟದ ಮೇಜಿನ ಒಂದು ಮೂಲೆಯಲ್ಲಿ ಕೂತು ವರ್ಷಗಟ್ಟಲೆ ಬರೆದ ಪ್ರಬಂಧವನ್ನು ಅವಳು ಇವತ್ತು ನಾಲ್ಕು ಜನರೆದುರು ಸಮರ್ಥಿಸಿಕೊಳ್ಳಬೇಕು. ವಿಶ್ವವಿದ್ಯಾಲಯ ಊರಿನ ಆಚೆ ತುದಿಯಲ್ಲಿ. ಹಿಂದಿನ ದಿನ ಊಟ ಮಾಡುತ್ತ ಅವಳೇ ಒಂದು ಮಾತು ತೆಗೆದಿದ್ದಳು, ತಮ್ಮನ ಗಾಡಿಯಲ್ಲಿ ಹೋದರೆ ಹೇಗೆ ಎಂದು. ಅವನು ತಟ್ಟೆಯನ್ನು ಸ್ವಲ್ಪ ಜೋರಾಗಿ ತೊಳೆಯುವ ಜಾಗದಲ್ಲಿ ಇಟ್ಟಿದ್ದ, ಅಷ್ಟೆ. ಅಷ್ಟೇ ಸಾಕಾಗಿತ್ತು. ಈಗ ಬಾಗಿಲಲ್ಲಿ ನಿಂತ ಅವಳು ತಮ್ಮನಿಗೆ, "ಬೇಡ ಕಣೋ, ಇವರು ಕಾರು ತೊಳೆದು ರೆಡಿ ಮಾಡಿದಾರೆ" ಎಂದಳು. ಭಾವಮೈದ ಇವನ ಕಾಲ ಬುಡವನ್ನು ನೋಡಿದನೋ ಇಲ್ಲವೋ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನ ಹಾಗೆ ಇವನು ಮಾತ್ರ, ಯಾರೂ ಕೇಳದಿದ್ದರೂ, ನೆಲ ತೊಳೆದೆ, ಇನ್ನೂ ಒಣಗಿಲ್ಲ ಎಂದ.

ಆ ಕಾರನ್ನು ಅವನು ಪ್ರೀತಿಸುತ್ತಿದ್ದುದು ಬರೀ ಮೆರೆಯುವುದಕ್ಕಲ್ಲ. ಇದನ್ನು ಯಾರಿಗಾದರೂ ತಿಳಿಸಿ ಹೇಳಬೇಕೆಂದು ಎಷ್ಟೋ ಸಲ ಅನ್ನಿಸಿದೆ, ಹೇಳಹೊರಟಾಗಲೆಲ್ಲ ಅದು ಮೆರೆದ ಹಾಗೇ ಕೇಳಿಸಿದೆ. ಇಂಗ್ಲಿಷರ ಒಂದು ಹಳೆಯ ಕಾರ್ಖಾನೆ; ಯುದ್ಧದ ಕಾಲದಲ್ಲಿ ವಿಮಾನಗಳಿಗೆ ಎಂಜಿನ್ನು ಮಾಡುತ್ತಿದ್ದವರು ಯುದ್ಧ ಮುಗಿದ ಮೇಲೆ ಅದೇ ಕೈಗಳಿಂದ ಕಾರು ಮಾಡಿದರು. ಹಗಲೂ ಇರುಳೂ ಓಡುವ ಪಂದ್ಯಗಳಲ್ಲಿ ಗೆದ್ದರು. ಒಂದು ಎಂಜಿನ್ನನ್ನು ಮೊದಲಿಂದ ಕೊನೆಯ ತನಕ ಒಬ್ಬನೇ ಕೂಡಿಸುವುದು, ಕೂಡಿಸಿದವನ ಹೆಸರನ್ನು ಸಣ್ಣ ತಗಡಿನ ಮೇಲೆ ಕೊರೆದು ಅದಕ್ಕೆ ಹಚ್ಚುವುದು. ಆ ತಗಡಿನ ಮೇಲೆ ಬೆರಳಾಡಿಸಿದಾಗಲೆಲ್ಲ ಎಲ್ಲೋ ಒಬ್ಬ ಮನುಷ್ಯ ಬೆಳಗಿನ ಚಳಿಯಲ್ಲಿ ಕೈ ಉಜ್ಜಿಕೊಂಡು ಕೆಲಸಕ್ಕೆ ತೊಡಗಿದ್ದು ಅವನಿಗೆ ಕಾಣುತ್ತಿತ್ತು. ಉದ್ದನೆಯ ಮೂತಿ, ತಗ್ಗಿದ ಬೆನ್ನು, ಬಾಗಿಲು ಮುಚ್ಚಿದಾಗ ಪುಸ್ತಕ ಮುಚ್ಚಿದಂಥ ಸದ್ದು, ಒಂದೇ ಮರದಿಂದ ಸೀಳಿದ್ದರಿಂದ ಎಡಬಲಕ್ಕೆ ಗೆರೆ ಹೊಂದುವ ಡ್ಯಾಶ್‌ಬೋರ್ಡಿನ ವಾಲ್ನಟ್ ಹಲಗೆ, ವೇಗ ಏರಿದಾಗ ಎದೆಯೆಲುಬಿಗೆ ತಾಕುವ ಆ ಗಂಭೀರ ಗುಡುಗು. ಹೊಸದಾಗಿ ಕೊಳ್ಳುವ ಯೋಗ್ಯತೆ ಅವನಿಗಿರಲಿಲ್ಲ. ಮೊದಲ ಮಾಲೀಕ, ಒಬ್ಬ ಮೂಳೆ ಡಾಕ್ಟರು, ಅದರ ಸಹವಾಸ ಸಾಕೆಂದು ಮಾರಿದ್ದರಿಂದ ಇವನ ಕೈಗೆಟುಕಿತ್ತು. ಡಾಕ್ಟರು ಕೀಲಿ ಕೊಡುವಾಗ, ಆನೆ ಸಾಕುವುದು ಇದಕ್ಕಿಂತ ಸಲೀಸು ಕಣ್ರೀ ಎಂದು ನಕ್ಕಿದ್ದರು. ಆ ನಗುವಿನಲ್ಲಿ ಬಿಡುಗಡೆ ಇತ್ತು. ಆಗ ಇವನಿಗೆ ಅದು ಅಸೂಯೆಯಂತೆ ಕಂಡಿತ್ತು.

ಕೆಡದ ಯಂತ್ರಕ್ಕೆ ಆತ್ಮ ಇರುವುದಿಲ್ಲ ಎಂದು ಅವನು ಹೇಳುತ್ತಿದ್ದ. ಮನೆಗೆ ಬಂದವರೆದುರು, ಮದುವೆ ಮನೆಗಳಲ್ಲಿ, ಒಮ್ಮೆ ಯಾರದೋ ಹೆಣ ಸುಟ್ಟು ಬಂದ ಮೇಲೂ ಹೇಳಿದ್ದ. "ಹಾಗಾದ್ರೆ ನಿಮ್ಮ ಲಿಫ್ಟುಗಳಿಗೂ ಆತ್ಮ ಬೇಡ್ವಾ ಭಾವ?" ಎಂದು ಭಾವಮೈದ ಒಮ್ಮೆ ಕೇಳಿದಾಗ ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ಅವನು ಲಿಫ್ಟ್ ಕಂಪನಿಯಲ್ಲಿ ಸುರಕ್ಷತಾ ಪರೀಕ್ಷಕ. ಎತ್ತರದ ಕಟ್ಟಡಗಳ ನೆತ್ತಿಯ ಮೇಲೆ ಎಣ್ಣೆ ವಾಸನೆಯ ಸಣ್ಣ ಕೋಣೆಗಳಲ್ಲಿ ನಿಂತು, ಹಗ್ಗ, ಬ್ರೇಕು, ಬಾಗಿಲ ಬೀಗ ಒಂದೊಂದನ್ನೂ ಮುಟ್ಟಿ ನೋಡಿ ಸರಿ ಎಂದರೆ ಜನ ಹತ್ತುತ್ತಾರೆ. ತಮ್ಮನ್ನು ಹೊತ್ತ ಪೆಟ್ಟಿಗೆಯ ಬಗ್ಗೆ ಅವರು ಯೋಚಿಸುವುದೂ ಇಲ್ಲ. ಅವರು ಯೋಚಿಸದಂತೆ ನೋಡಿಕೊಳ್ಳುವುದೇ ಅವನ ಕೆಲಸ. ಆ ಕೆಲಸದಲ್ಲಿ ಅವನು ಗಟ್ಟಿ. ಹಿಂದಿನ ವರ್ಷ ಒಂದು ಆಸ್ಪತ್ರೆಯ ಲಿಫ್ಟಿನಲ್ಲಿ ಎಚ್ಚರಿಕೆಯ ದೀಪ ಹತ್ತುತ್ತಿದ್ದರೂ ಅದನ್ನು ಒತ್ತಿ ಆರಿಸಿ ಲಿಫ್ಟು ಓಡಲು ಬಿಟ್ಟ ಮೆಕ್ಯಾನಿಕ್ಕನನ್ನು ಅವನು ಕೆಲಸದಿಂದ ನಿಲ್ಲಿಸಿದ್ದ. ಆ ಮೆಕ್ಯಾನಿಕ್ಕು ಅವನ ವಯಸ್ಸಿನವನೇ, ತೇಲುಗಣ್ಣಿನ, ಯಾವಾಗಲೂ ತೋಳು ಮಡಚಿರುತ್ತಿದ್ದವನು. ಅವನು ತನ್ನ ಪರವಾಗಿ ಹೇಳಿದ್ದು ಇಷ್ಟೆ: ಏನೂ ಆಗಲ್ಲ ಅಂದ್ಕೊಂಡೆ ಸಾರ್. ಅಂದುಕೊಳ್ಳೋಕೆ ನಿನಗೆ ಸಂಬಳ ಕೊಡಲ್ಲ ಎಂದು ಇವನು ಅಂದಿದ್ದ. ಅಂದ ಮಾತು ಚೆನ್ನಾಗಿ ಮೂಡಿತೆಂದು ಸಂಜೆ ಹೆಂಡತಿಗೂ ಹೇಳಿದ್ದ. ಅವಳು ಬರೆಯುತ್ತಿದ್ದ ಹಾಳೆಯಿಂದ ತಲೆ ಎತ್ತಿ, ಅವನಿಗೆ ಮಕ್ಕಳೆಷ್ಟು ಎಂದು ಕೇಳಿದ್ದಳು.

ರಿಂಗ್ ರಸ್ತೆಗೆ ಬಂದ ಮೇಲೆ ಹಳದಿ ದೀಪ ಮತ್ತೆ ಹೊತ್ತಿತು. ಪಕ್ಕದಲ್ಲಿ ಹೆಂಡತಿ ತೊಡೆಯ ಮೇಲೆ ಕೆಂಪು ರಟ್ಟಿನ ಪ್ರಬಂಧ ಇಟ್ಟುಕೊಂಡು, ಕಣ್ಣು ಮುಚ್ಚಿ, ತುಟಿ ಮಾತ್ರ ಆಡಿಸುತ್ತ ಉತ್ತರಗಳನ್ನು ಹೇಳಿಕೊಳ್ಳುತ್ತಿದ್ದಳು. ನಡುನಡುವೆ ಕೈ ತಾನಾಗಿ ಎದ್ದು, ಶಾಲೆಯ ಮಕ್ಕಳಿಗೆ ಹೇಳುವ ಹಾಗೆ, ಗಾಳಿಯಲ್ಲಿ ಏನೋ ಸನ್ನೆ ಮಾಡಿ ಇಳಿಯುತ್ತಿತ್ತು. ಅವನು ಎಡಗೈಯನ್ನು ಸ್ಟಿಯರಿಂಗಿನ ಮೇಲೆ ಸರಿಸಿ, ಅವಳು ಕಣ್ಣು ಬಿಟ್ಟರೂ ದೀಪ ಕಾಣದಂತೆ ಹಿಡಿದ. ತಾಪದ ಮುಳ್ಳು ನಡುಗೆರೆ ದಾಟಿತ್ತು. ಈಗ ನಿಲ್ಲಿಸಿದರೆ, ಭಾವಮೈದನಿಗೆ ಫೋನ್ ಮಾಡಿದರೆ, ಸಾಕಷ್ಟು ಸಮಯ ಇತ್ತು. ಇತ್ತೆಂದು ಅವನಿಗೆ ಆಗಲೂ ಗೊತ್ತಿತ್ತು. ಎಂಜಿನ್ನಿನ ಬಿಸಿಯನ್ನು ಒಳಗೆ ಎಳೆದುಕೊಂಡರೆ ಅದು ಸ್ವಲ್ಪ ತಣಿಯುತ್ತದೆ ಎಂಬ ಹಳೇ ಉಪಾಯ ನೆನಪಾಗಿ, ಏಸಿ ಆರಿಸಿ, ಹೀಟರನ್ನು ತುದಿಯವರೆಗೆ ತಿರುಗಿಸಿದ. ಹೊರಗೆ ಬಿಸಿಲು. ಒಳಗೆ ಒಲೆಯ ಬಾಯಿ ತೆರೆದ ಹಾಗೆ ಗಾಳಿ ನುಗ್ಗಿತು. ಅವಳು ಕಣ್ಣು ತೆರೆದಳು.

"ಏನ್ರೀ ಇದು, ಬಿಸಿ ಗಾಳಿ ಬರ್ತಿದೆ?"

"ತಣ್ಣನೆ ಗಾಳಿ ತಗೊಂಡ್ರೆ ಗಂಟಲು ಕಟ್ಟುತ್ತೆ. ಇವತ್ತು ನೀನು ಅಷ್ಟು ಹೊತ್ತು ಮಾತಾಡ್ಬೇಕಲ್ಲ."

ಈ ಮಾತು ಅವನ ಬಾಯಿಂದ ಎಷ್ಟು ಸರಾಗವಾಗಿ ಬಂತೆಂದರೆ ಒಂದು ಕ್ಷಣ ಅವನೂ ಅದನ್ನು ನಂಬಿದ. ಅವಳು ಅವನನ್ನು ನೋಡಿದಳು, ಮುಖ ಸಡಿಲವಾಯಿತು, ಸ್ಟಿಯರಿಂಗಿನ ಮೇಲಿದ್ದ ಅವನ ಕೈಯನ್ನು ಎರಡು ಬೆರಳಿನಿಂದ ಮುಟ್ಟಿ, "ಇಷ್ಟೆಲ್ಲ ಯೋಚಿಸಿದೀರಲ್ಲ" ಎಂದಳು. ಮತ್ತೆ ಕಣ್ಣು ಮುಚ್ಚಿದಳು. ಅವಳ ಹಣೆಯಲ್ಲಿ ಬೆವರು ಮೂಡಿ ಕಪಾಳಕ್ಕೆ ಇಳಿಯಿತು. ಭಾವಮೈದ ತನ್ನ ಅಂಗಡಿಯಲ್ಲೇ ನೀಟಾಗಿ ಇಸ್ತ್ರಿ ಮಾಡಿಸಿ ಕೊಟ್ಟಿದ್ದ ನೀಲಿ ಬಟ್ಟೆಯ ಬೆನ್ನು, ಕಂಕುಳು ಕಪ್ಪಾಗತೊಡಗಿದವು. ಪ್ರಬಂಧದ ರಟ್ಟಿನ ಮೇಲೆ ಅವಳ ಅಂಗೈಯ ಗುರುತು ಬಿತ್ತು. ಅವಳು ಸಹಿಸುತ್ತಿದ್ದಳು, ಗಂಡ ತನಗಾಗಿ ಮಾಡಿದ ಏರ್ಪಾಡೆಂದು. ಮುಳ್ಳು ಒಂದು ಕೂದಲಿನಷ್ಟು ಕೆಳಗಿಳಿಯಿತು. ಆ ಕೂದಲಿನಷ್ಟಕ್ಕೆ ಅವನ ಮನಸ್ಸು ಹಿಗ್ಗಿತು. ಹಿಗ್ಗಿದ್ದನ್ನು ಆಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ, ಅವನು ನೆನೆಯಬೇಕಾಯಿತು.

ಮೇಲ್ಸೇತುವೆಯ ಏರಿನಲ್ಲಿ ಕಾರು ಉಸಿರು ಬಿಟ್ಟಿತು. ಮೊದಲು ಕೆಂಪು ದೀಪ, ಆಮೇಲೆ ಎಕ್ಸಿಲರೇಟರು ಒತ್ತಿದರೂ ಕಿವಿಗೊಡದ ಎಂಜಿನ್ನು, ಆಮೇಲೆ ಉದ್ದನೆಯ ಮೂತಿಯ ಎರಡೂ ಬದಿಯಿಂದ ಬಿಳಿ ಆವಿ. ಹೇಗೋ ಅಂಚಿಗೆ ತಂದು ನಿಲ್ಲಿಸಿದ. ಇಂಥ ಕಾರು ಕೆಟ್ಟು ನಿಂತರೆ ಜನಕ್ಕೆ ಒಂದು ಬಗೆಯ ಸಂತೋಷ. ಪಕ್ಕದಲ್ಲಿ ಹೋಗುವವರೆಲ್ಲ ವೇಗ ತಗ್ಗಿಸಿದರು, ಒಬ್ಬ ಬೈಕು ನಿಲ್ಲಿಸಿ ಫೋಟೋ ತೆಗೆದ, ಇನ್ನೊಬ್ಬ ಇಷ್ಟು ದೊಡ್ಡ ಗಾಡಿ, ಹೀಗಾ ಆಗೋದು ಎಂದು ಮರುಗುವ ದನಿಯಲ್ಲಿ ಹೇಳಿ ನಗು ನುಂಗಿಕೊಂಡು ಹೋದ. ಅವಳು ಇಳಿದು ಕಟ್ಟೆಯ ಪಕ್ಕದಲ್ಲಿ ಪ್ರಬಂಧವನ್ನು ಎದೆಗೆ ಅವುಚಿಕೊಂಡು ನಿಂತಳು. ಗಾಳಿಗೆ ಬೆವರು ಆರಿ ಬಟ್ಟೆಯ ಮೇಲೆ ಬಿಳಿ ಗೆರೆಗಳು ಎದ್ದವು. ತಮ್ಮನಿಗೆ ಫೋನ್ ಮಾಡಲೇ ಎಂದು ಅವಳು ಕೇಳಿದಾಗ ಅವನು ಬೇಡ ಎಂದ. ಸ್ವಲ್ಪ ಆರಲಿ, ಐದೇ ನಿಮಿಷ, ಇದು ಆರಿದರೆ ಹೊರಡುತ್ತೆ, ನನಗೆ ಗೊತ್ತು ಎಂದ. ಅವಳು ಕಾದಳು. ಅವನು ಬಾನೆಟ್ಟು ಎತ್ತಿ, ಬಗ್ಗಿ, ಒಳಗೆ ನೋಡುತ್ತ ನಿಂತ. ನೋಡುವುದಕ್ಕೆ ಏನೂ ಇರಲಿಲ್ಲ. ಎರಡು ಕೊಳವೆ ಸೇರುವಲ್ಲಿ ಪ್ಲಾಸ್ಟಿಕ್ಕಿನ ತುಂಡೊಂದು ಬಿರುಕು ಬಿಟ್ಟು, ಅಲ್ಲಿಂದ ಕಿತ್ತಳೆ ನೀರು ಬುಸುಗುಡುತ್ತಿತ್ತು. ಅಂಥ ಎಂಜಿನ್ನು, ಅಂಥ ಕೈಗಳು ಕೂಡಿಸಿದ್ದು, ನಡುವೆ ಈ ಅಗ್ಗದ ಪ್ಲಾಸ್ಟಿಕ್ಕು. ಯಾರೋ ಒಬ್ಬ, ಎಲ್ಲೋ ಒಂದು ಮೇಜಿನ ಹಿಂದೆ ಕೂತು, ಏನೂ ಆಗಲ್ಲ ಅಂದುಕೊಂಡಿದ್ದ. ತಗಡಿನ ಮೇಲಿನ ಹೆಸರು ಆವಿಯಲ್ಲಿ ಒದ್ದೆಯಾಗಿ ಹೊಳೆಯುತ್ತಿತ್ತು. ತಲೆ ಎತ್ತಿದರೆ ಅವಳ ಮುಖ ನೋಡಬೇಕು, ಅದಕ್ಕಾಗಿ ಇನ್ನೂ ಬಗ್ಗಿಯೇ ಇದ್ದ. ಬೆನ್ನ ಹಿಂದೆ ಅವಳು ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಅವನನ್ನು ಇನ್ನೊಮ್ಮೆ ಕೇಳಿರಲಿಲ್ಲ.

ಡಬ್ಬಿ ಎಷ್ಟು ಬೇಗ ಬಂತೆಂದರೆ, ಫೋನು ಅವಳ ಕೈಯಲ್ಲಿ ಇನ್ನೂ ಇತ್ತು. ಅಂಗಡಿಯಿಂದ ಅಷ್ಟು ಬೇಗ ಬರಲು ಸಾಧ್ಯವಿಲ್ಲ. ಭಾವಮೈದ ಮನೆಯ ಗೇಟಿನಿಂದಲೇ, ಕಾಣದಷ್ಟು ದೂರ ಬಿಟ್ಟುಕೊಂಡು, ಹಿಂದೆ ಬಂದಿದ್ದ. ಏರಿನ ಬುಡದಲ್ಲಿ ಎಲ್ಲೋ ನಿಲ್ಲಿಸಿಕೊಂಡು, ಕರೆಯಲಿ ಎಂದು ಕಾದಿದ್ದ. ಇದು ಇವನಿಗೆ ಹೊಳೆದಾಗ ಅಂಗಾಲಿನಿಂದ ಬಿಸಿ ಏರಿ ಕಿವಿಗೆ ಬಂತು. ಬೈದಿದ್ದರೆ, ನಕ್ಕಿದ್ದರೆ, ನಾನು ಮೊದಲೇ ಹೇಳಿರಲಿಲ್ಲವೇ ಎಂದಿದ್ದರೆ, ತಿರುಗಿ ಏನಾದರೂ ಹೇಳಬಹುದಿತ್ತು. ಭಾವಮೈದ ಅಕ್ಕನಿಗೆ ಬಾಗಿಲು ತೆಗೆದು, ಹಿಂದಿನ ಸೀಟಿನಿಂದ ಪ್ಲಾಸ್ಟಿಕ್ ಕವರು ಹಾಕಿದ ಕಪ್ಪು ಕೋಟೊಂದನ್ನು ಕೊಕ್ಕೆಯಿಂದ ಬಿಡಿಸಿ, "ಇದನ್ನ ಮೇಲೆ ಹಾಕ್ಕೋ, ಕಲೆ ಕಾಣಲ್ಲ. ಯಾರದೋ ಗಿರಾಕೀದು, ಸಂಜೆ ಕೊಟ್ರೆ ಆಯ್ತು" ಎಂದ. ಆಮೇಲೆ ಇವನ ಕಡೆ ತಿರುಗಿ, "ಭಾವ, ನೀವೂ ಬನ್ನಿ" ಎಂದ. ಇವನು, ಕೆಟ್ಟ ಕಾರನ್ನು ಎತ್ತುವ ಗಾಡಿ ಬರುವ ತನಕ ಇರಬೇಕಲ್ಲ ಎಂದ. ಕಾರನ್ನು ಬೀಗ ಹಾಕಿ ಬಿಟ್ಟು ಹೋಗಬಹುದಿತ್ತು. ಹೆಂಡತಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು, ತಲೆ ಎತ್ತಲಿಲ್ಲ. ಅವರು ಹೋದರು.

ಎತ್ತುವ ಗಾಡಿಯವನು ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅವನು ಹಳೆಯ ಪರಿಚಯದವನಂತೆ ಕಾರಿನ ಬೆನ್ನು ತಟ್ಟಿ, ಈ ಸಲ ಎಲ್ಲಿ ನೋವಂತೆ ಇವ್ಳಿಗೆ ಎಂದು ಕೇಳಿದ. ಸರಪಳಿ ಬಿಗಿದು, ಮೂತಿ ಮೇಲಾಗಿ ಅದು ಹತ್ತುವುದನ್ನು ಇವನು ನೋಡುತ್ತ ನಿಂತ. ಇಷ್ಟಾದ ಮೇಲೂ ಅದು ಚೆಂದವಾಗಿಯೇ ಕಾಣುತ್ತಿತ್ತು, ಅದು ಅವನಿಗೆ ಅಸಹ್ಯವೆನ್ನಿಸಿತು. ಬಾಡಿಗೆ ಗಾಡಿ ಹಿಡಿದು ವಿಶ್ವವಿದ್ಯಾಲಯಕ್ಕೆ ಹೋಗುವಾಗ ದಾರಿಯುದ್ದಕ್ಕೂ ಅವಳಿಗೆ ಏನು ಹೇಳಬೇಕೆಂದು ಜೋಡಿಸಿಕೊಂಡ. ಜೋಡಿಸಿದ್ದರಲ್ಲಿ ಕೊಳವೆಯ ಪ್ಲಾಸ್ಟಿಕ್ಕಿನ ಮಾತೇ ಹೆಚ್ಚಾಗಿತ್ತು.

ವಿಭಾಗದ ಮುಂದಿನ ಪಡಸಾಲೆಯಲ್ಲಿ ಉದ್ದನೆಯ ಮರದ ಬೆಂಚು, ಎದುರಿಗೆ ಮುಚ್ಚಿದ ಬಾಗಿಲು. ಬೆಂಚಿನ ಮೇಲೆ ಭಾವಮೈದ ಒಬ್ಬನೇ ಕೂತಿದ್ದ. ನೀರಿನ ಬಾಟಲಿ ಮುಂದೆ ಚಾಚಿದ. ಒಳಗಿನಿಂದ ಹೆಂಡತಿಯ ದನಿ ಕೇಳಿಸುತ್ತಿತ್ತು, ಮಾತು ಬಿಡಿಯಾಗಿ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಅವನಿಗೆ ಗೊತ್ತಿದ್ದ ದನಿಗಿಂತ ಅದು ಗಟ್ಟಿಯಾಗಿತ್ತು, ಅವಸರವಿಲ್ಲದೆ ಬರುತ್ತಿತ್ತು, ನಡುವೆ ಒಮ್ಮೆ ಒಳಗಿನವರೆಲ್ಲ ನಕ್ಕರು. ಅವಳು ಜನರನ್ನು ನಗಿಸಬಲ್ಲಳೆಂದು ಅವನಿಗೆ ಗೊತ್ತಿರಲಿಲ್ಲ, ಅಥವಾ ಮದುವೆಯಾದ ಹೊಸದರಲ್ಲಿ ಗೊತ್ತಿದ್ದು ಮರೆತಿತ್ತು. "ಮೂರನೇ ಅಧ್ಯಾಯದ ಮೇಲೆ ಕೇಳ್ತಿದಾರೆ ಅನ್ಸುತ್ತೆ. ಅದೇ ಅಲ್ವಾ ಭಾವ ಚೆನ್ನಾಗಿರೋದು?" ಎಂದು ಭಾವಮೈದ ಪಿಸುಗುಟ್ಟಿದ. ಹೂಂ ಎಂದ ಅವನು. ಭಾವಮೈದ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ಅದನ್ನು ಪೂರ್ತಿ ಓದಿದ್ದನಂತೆ. ಹುಟ್ಟಾ ಕಿವುಡರಾದ ಮಕ್ಕಳು ಏನು, ಎಲ್ಲಿ, ಯಾರು ಎಂದೆಲ್ಲ ಬೇಗ ಕೇಳುವುದನ್ನು ಕಲಿಯುತ್ತಾರೆ. ಯಾಕೆ ಎಂದು ಕೇಳುವುದು ಮಾತ್ರ ತಡ, ಯಾಕೆಂದರೆ ಮನೆಯಲ್ಲಿ ದೊಡ್ಡವರು ಒಬ್ಬರಿಗೊಬ್ಬರು ಯಾಕೆ ಎಂದು ಕೇಳಿ ಉತ್ತರಿಸುವುದು ಆ ಮಕ್ಕಳ ಕಿವಿಗೆ ಬಿದ್ದೇ ಇರುವುದಿಲ್ಲ ಎಂದು ಅಕ್ಕ ಬರೆದಿದ್ದಾಳೆ ಎಂದು, ಇವನಿಗೆ ಗೊತ್ತಿರುವುದನ್ನೇ ಹೊಗಳುವ ಹಾಗೆ, ಭಾವಮೈದ ವಿವರಿಸಿದ. ಇವನು ಗೊತ್ತಿದ್ದವನ ಹಾಗೆ ತಲೆಯಾಡಿಸಿದ. ಊಟದ ಮೇಜಿನ ಆ ಮೂಲೆಯನ್ನು ದಾಟಿಕೊಂಡು ಅವನು ಎಷ್ಟು ಸಲ ಕೀಲಿ ತಿರುಗಿಸುತ್ತ ಹೊರಗೆ ಹೋಗಿರಬಹುದು. ಅವಳು ಏನು ಬರೆಯುತ್ತಿದ್ದಾಳೆಂದು ಕೇಳಿದ್ದ, ಖಂಡಿತ ಕೇಳಿದ್ದ, ಮುಗೀತಾ ಎಂದು.

ಬಾಗಿಲು ತೆರೆದು ಅವಳ ಮಾರ್ಗದರ್ಶಕಿ ಹೊರಗೆ ಬಂದರು, ಹಿಂದೆಯೇ ಅವಳೂ. ಮುಖ ನೋಡಿದರೇ ತಿಳಿಯುತ್ತಿತ್ತು. ಭಾವಮೈದ ಎದ್ದು ಅಕ್ಕನ ಎರಡೂ ಕೈ ಹಿಡಿದುಕೊಂಡ, ಅವನ ಕಣ್ಣು ತುಂಬಿತ್ತು. ಅವಳು ತಮ್ಮನ ಭುಜದ ಮೇಲಿಂದ ಗಂಡನನ್ನು ನೋಡಿ ನಕ್ಕಳು, ನಿಜವಾಗಿ ನಕ್ಕಳು, ಆ ನಗುವಿನಲ್ಲಿ ಮೇಲ್ಸೇತುವೆ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಚಹಾ, ಬಿಸ್ಕತ್ತು. ಹೊರಗಿನಿಂದ ಬಂದಿದ್ದ ಪರೀಕ್ಷಕರು, ತೆಳ್ಳಗಿನ ಮುದುಕರು, ಅವನ ಕೈ ಕುಲುಕಿ, "ಕಾರು ನಿಲ್ಲಿಸಿ ಬರ್ತಾರೆ, ಈಗ ಬರ್ತಾರೆ ಅಂತ ನಿಮ್ಮವರು ಹೇಳ್ತಾನೇ ಇದ್ರು. ಜಾಗ ಸಿಗೋದು ಕಷ್ಟ ಆಯ್ತೇನೋ?" ಎಂದರು. ಅವನು ಹೆಂಡತಿಯನ್ನು ನೋಡಿದ. ಅವಳು ಬಿಸ್ಕತ್ತಿನ ತಟ್ಟೆಯನ್ನು ಯಾರಿಗೋ ಚಾಚುತ್ತಿದ್ದಳು. ಅವನ ಮಾನವನ್ನು ಅವಳು ಎಷ್ಟು ಸುಲಭವಾಗಿ, ಕೇಳದೆಯೇ, ಮಡಚಿ ಒಳಗಿಟ್ಟಿದ್ದಳು. ಹೌದು, ಸ್ವಲ್ಪ ದೂರ ಆಯ್ತು ಎಂದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾರ್ಗದರ್ಶಕಿ ಅದು ಯಾವ ಕಾರೆಂದು ಹೇಳಿಬಿಟ್ಟರು. ಪರೀಕ್ಷಕರು ಬಟ್ಟಲು ಕೆಳಗಿಟ್ಟು, ಓದಲು ಹೊರದೇಶದಲ್ಲಿದ್ದಾಗ ಕೊಠಡಿಯ ಗೋಡೆಗೆ ಅದರದೇ ಚಿತ್ರ ಅಂಟಿಸಿಕೊಂಡಿದ್ದೆ, ಅದರ ಎಂಜಿನ್ನಿನ ಬಗ್ಗೆ ಹೇಳಿ ಎಂದರು.

ಹೇಳತೊಡಗಿದ. ಎರಡು ಮಾತು ಹೇಳಿ ನಿಲ್ಲಿಸುತ್ತೇನೆಂದೇ ಶುರು ಮಾಡಿದ್ದು. ವಿಮಾನದ ಎಂಜಿನ್ನು, ಹಗಲಿರುಳಿನ ಓಟ, ಒಬ್ಬನೇ ಕೂಡಿಸುವ ಎಂಜಿನ್ನು, ಹೆಸರು ಕೊರೆದ ತಗಡು. ಜನ ಸುತ್ತ ಸೇರಿದರು. ಅವನ ದನಿಗೆ ಅದರದೇ ಹಳೆಯ ಜಾಡು ಸಿಕ್ಕಿತು, ಕೈಗಳು ಗಾಳಿಯಲ್ಲಿ ಆ ಉದ್ದನೆಯ ಮೂತಿಯನ್ನು ಬಿಡಿಸಿದವು, ಬಾಗಿಲು ಮುಚ್ಚುವ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದ, ಕೆಡದ ಯಂತ್ರಕ್ಕೆ ಆತ್ಮ ಇರುವುದಿಲ್ಲ ಎಂದ, ಪರೀಕ್ಷಕರು ತಲೆದೂಗಿದರು. ಆಗ ಜನರ ನಡುವಿನ ಸಂದಿಯಲ್ಲಿ ಹೆಂಡತಿ ಕಂಡಳು. ಯಾರದೋ ಕರಿಕೋಟು ತೊಟ್ಟು, ತೋಳು ಉದ್ದವಾಗಿ ಬೆರಳು ಮುಚ್ಚಿ, ಖಾಲಿ ಬಟ್ಟಲು ಹಿಡಿದು ಗೋಡೆಯ ಪಕ್ಕದಲ್ಲಿ ಒಬ್ಬಳೇ ನಿಂತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಮಳೆ ನಿಲ್ಲಲಿ ಎಂದು ಅಂಗಡಿಯ ಮುಂದೆ ಕಾಯುವವರ ಮುಖವಿತ್ತು. ಅವನ ಮಾತು ಅರ್ಧಕ್ಕೆ ನಿಂತಿತು.

"ಸುಳ್ಳು ಸಾರ್. ಕಾರು ನಿಲ್ಲಿಸೋಕೆ ಹೋಗಿರ್ಲಿಲ್ಲ ನಾನು. ಅದು ದಾರೀಲಿ ಕೆಟ್ಟು ನಿಂತಿದೆ. ಕೆಡುತ್ತೆ ಅಂತ ನಂಗೆ ಬೆಳಗ್ಗೇನೇ ಗೊತ್ತಿತ್ತು, ಮುಚ್ಚಿಟ್ಟೆ. ಇವಳನ್ನ ಬಿಸಿಲಲ್ಲಿ ನಿಲ್ಲಿಸಿದೆ."

ಹೇಳಿದ ಕೂಡಲೇ ಒಂದು ಹಗುರ ಬಂತು, ಬೆಳಿಗ್ಗೆ ದೀಪ ಆರಿದಾಗ ಬಂದಿದ್ದಂಥದೇ. ಚಮಚ ಬಟ್ಟಲಿಗೆ ತಾಗಿದ ಸದ್ದು. ಮಾರ್ಗದರ್ಶಕಿ ತನ್ನ ವಿದ್ಯಾರ್ಥಿನಿಯ ಕಡೆ ತಿರುಗಿದರು. ಪರೀಕ್ಷಕರು, ಒಳ್ಳೆಯ ಮನುಷ್ಯರು, ಇವನ ಭುಜದ ಮೇಲೆ ಕೈಯಿಟ್ಟು, ದೊಡ್ಡ ಮಾತು, ಎಲ್ಲರ ಕೈಲೂ ಹೀಗೆ ಹೇಳೋಕಾಗಲ್ಲ ಎಂದರು. ಎಲ್ಲರೂ ಇವನನ್ನೇ ನೋಡುತ್ತಿದ್ದರು, ಮರುಕದಿಂದ, ಮೆಚ್ಚುಗೆಯಿಂದ. ಗೋಡೆಯ ಪಕ್ಕದಲ್ಲಿ ಹೆಂಡತಿಯ ಮುಖ ಕತ್ತಿನವರೆಗೆ ಕೆಂಪಾಗಿತ್ತು. ತನ್ನ ಪರೀಕ್ಷೆಯ ದಿನ, ತನಗೆ ಪದವಿ ಕೊಟ್ಟವರ ಎದುರು, ಅವಳು ಸುಳ್ಳುಗಾತಿಯಾಗಿ ನಿಂತಿದ್ದಳು. ಅವಳು ಬಟ್ಟಲನ್ನು ಮೇಜಿನ ಮೇಲಿಟ್ಟು, ಕ್ಷಮಿಸಿ, ದಾರಿಯ ತಾಪತ್ರಯ ಹೇಳಿಕೊಂಡು ಒಳಗೆ ಬರೋದು ಬೇಡ ಅನ್ನಿಸಿತು ಎಂದು ಮೆಲ್ಲಗೆ ಹೇಳಿದಳು. ಗಂಟಲು ಕಟ್ಟಿತ್ತು.

ವಾಪಸು ಬರುವಾಗ ಅವಳು ತಮ್ಮನ ಪಕ್ಕದಲ್ಲಿ ಕೂತಳು, ಅವನು ಹಿಂದೆ, ನೇತಾಡುವ ಬಟ್ಟೆಗಳ ಜೊತೆ. ಗಾಡಿ ಸದ್ದಿಲ್ಲದೆ ಓಡುತ್ತಿತ್ತು. ಮೇಲ್ಸೇತುವೆ ಬಂತು, ಹೋಯಿತು. ಆಮೇಲೆ ಅವನು, ನಿಜ ಹೇಳಬೇಕು ಅನ್ನಿಸಿತು, ಅದಕ್ಕೆ ಹೇಳಿದೆ ಎಂದ. ಅವಳು ತಿರುಗಲಿಲ್ಲ.

"ನಂಗೆ ಹೇಳ್ಬೋದಿತ್ತು. ಬೆಳಗ್ಗೆ. ಅವ್ರಿಗೆ ಹೇಳಿ ಏನ್ ಬಂತು? ಒಂದು ಗಳಿಗೆ ಎಲ್ರೂ ನನ್ ಕಡೆ ನೋಡ್ತಿದ್ರು. ಅದೂ ನಿಮ್ಗೇ ಬೇಕಾಯ್ತು."

ಭಾವಮೈದ ಕನ್ನಡಿಯಲ್ಲಿ ಇವನನ್ನು ನೋಡದಿರಲು ಕಷ್ಟಪಡುತ್ತಿದ್ದ. ಬಿಡಕ್ಕ, ಪಾಸಾದ ದಿನ ಎಂದ. ಹೌದು, ಪಾಸಾದ ದಿನ ಎಂದಳು ಅವಳು. ಆಮೇಲೆ ತಮ್ಮನ ಮಗಳ ಕಾಲೇಜಿನ ವಿಷಯ ಕೇಳಿದಳು. ಅವನು ಹಿಂದೆ ಕೂತು, ತೂಗುವ ಒಂದು ಪ್ಯಾಂಟಿನ ಕಾಲು ತಿರುವಿಗೊಮ್ಮೆ ಕೆನ್ನೆಗೆ ತಾಗುತ್ತಿದ್ದರೂ ಸರಿಸದೆ, ಅವಳ ಮಾತಿಗೆ ಉತ್ತರ ಹುಡುಕಿದ. ಕಾರಿನ ತಪ್ಪಲ್ಲ ಎಂಬ ಮಾತು ಮೊದಲು ಬಂತು, ಅದನ್ನು ನುಂಗಿದ. ಹೀಟರಿನ ವಿಷಯ ಅವಳಿಗೆ ಇನ್ನೂ ಗೊತ್ತಿಲ್ಲ ಎಂಬುದು ನೆನಪಾಯಿತು. ಎಲ್ಲರೆದುರು ಹೇಳಿದ್ದರಲ್ಲಿ ಅದನ್ನು ಬಿಟ್ಟಿದ್ದ. ಅವಳು ತನ್ನ ಕೈಯನ್ನು ಎರಡು ಬೆರಳಿನಿಂದ ಮುಟ್ಟಿದ್ದು ಆ ಸುಳ್ಳಿಗೆ. ಈಗ ಹೇಳಿದರೆ ಆ ಮುಟ್ಟಿದ್ದನ್ನೂ ಅವಳಿಂದ ಕಿತ್ತುಕೊಂಡ ಹಾಗೆ, ಹೇಳದಿದ್ದರೆ ಕದ್ದಿಟ್ಟುಕೊಂಡ ಹಾಗೆ. ಮನೆಯ ಗೇಟು ಬರುವ ತನಕ ಎರಡರಲ್ಲಿ ಯಾವುದೆಂದು ತೀರ್ಮಾನಿಸಲಾಗಲಿಲ್ಲ.

ಅವಳು ಸ್ನಾನ ಮಾಡಿ, ಬಟ್ಟೆ ಬದಲಿಸಿ, ಒಳಕೋಣೆಯ ಬಾಗಿಲನ್ನು ಪೂರ್ತಿ ಮುಚ್ಚದೆ ಮಂಚದ ಮೇಲೆ ಕೂತು ಶಾಲೆಯ ಗೆಳತಿಗೆ ಫೋನ್ ಮಾಡಿದಳು. ಕಿಟಕಿಯಲ್ಲಿ ಇನ್ನೂ ಸಂಜೆಯ ಬೆಳಕಿತ್ತು. ಅವನು ಏನೋ ಹೇಳಬೇಕೆಂದು ನಡುಮನೆಯಿಂದ ಹೊರಟವನು ಗೋಡೆಯ ಪಕ್ಕದಲ್ಲೇ ನಿಂತ. ಒಳಗೆ ಹೋದರೆ ಅವಳು ಮಾತು ನಿಲ್ಲಿಸುತ್ತಾಳೆ. ಅವಳು ಹೇಳುತ್ತಿದ್ದಳು, ಮುದುಕರು ಕೇಳಿದ್ದು, ತಾನು ಹೇಳಿದ್ದು, ಎಲ್ಲರೂ ಯಾಕೆ ನಕ್ಕರು ಎಂದು. ಮಕ್ಕಳು ಯಾಕೆ ಎಂದು ಕೇಳುವುದನ್ನು ಕಲಿತ ಮೇಲೆ ಮನೆಯವರು ಏನಂದರು ಎಂದು ಕೇಳಿದರಂತೆ. "ಒಬ್ಬಳು ತಾಯಿ ಬಂದು, ಮೊದಲೇ ಚೆನ್ನಾಗಿತ್ತು ಮೇಡಂ, ಈಗ ತಲೆ ತಿಂತಾನೆ ಅಂದ್ಲು ಅಂತ ಹೇಳ್ದೆ ಕಣೇ. ಬಿದ್ದು ಬಿದ್ದು ನಕ್ರು." ಅವಳೂ ನಕ್ಕಳು. ಪ್ಯಾಂಟಿನ ಜೇಬಿನಲ್ಲಿ ಅವನ ಫೋನು ನಡುಗಿತು, ವರ್ಕ್‌ಶಾಪಿನವರು. ಸದ್ದಾಗಬಾರದೆಂದು ಬಟ್ಟೆಯ ಮೇಲಿಂದಲೇ ಗುಂಡಿ ಒತ್ತಿ ಹಿಡಿದ, ಅದು ಸತ್ತಿತು. ಒಳಗೆ ಅವಳು ಕತೆ ಮುಂದುವರಿಸಿದ್ದಳು. ಬೆಳಗಿನಿಂದ ಸಂಜೆಯವರೆಗೆ ಎಲ್ಲವೂ ಅದರಲ್ಲಿತ್ತು. ಅವನು ಕಾದ, ತಾನು ಬರುವ ಜಾಗಕ್ಕಾಗಿ, ಬೈಗುಳವಾದರೂ ಸರಿ ಎಂದು. ಗೆಳತಿ ಆ ಕಡೆಯಿಂದ ಏನೋ ಕೇಳಿರಬೇಕು.

"ಹೋಗಿದ್ದಾ? ತಮ್ಮನ ಜೊತೆ ಹೋದೆ ಕಣೇ," ಎಂದಳು. "ಆರಾಮಾಗಿ ಹೋದ್ವಿ."